ಕುಡಿಯದ ನಾಯಿಯ ಲಿವರ್

ನಮ್ಮ ನಾಯಿಗೆ ಲಿವರ್ ಕೆಟ್ಟಿರಬಹುದು ಎಂದಾಗ ನಗದ ಮನುಷ್ಯನನ್ನು ಸವಣೂರಿನಲ್ಲಿ ನಾನು ಇನ್ನೂ ಕಂಡಿಲ್ಲ. ಮನುಷ್ಯನಿಗೆ ಈ ರೋಗ ಬಂದರೆ ಜನ ದನಿ ತಗ್ಗಿಸಿ ಮಾತಾಡುತ್ತಾರೆ. ನಾಯಿಗೆ ಬಂದರೆ ಮಾತ್ರ, "ಏನ್ ಕುಡೀತಿತ್ತ್ರಿ ಕಾಕಾ, ದೇಶಿನೋ, ಇಂಗ್ಲಿಷೋ?" ಎಂದು ನಡುರಸ್ತೆಯಲ್ಲೇ ಕೇಳುತ್ತಾರೆ. ಕೇಳಿದವನ ಬಾಯಿಂದ ಬರುವ ವಾಸನೆ ನೋಡಿದರೆ ಅವನ ಲಿವರ್ ಎಂದೋ ಕೈಕೊಡಬೇಕಿತ್ತು. ಅವನು ಗುಂಡುಕಲ್ಲಿನಂತೆ ತಿರುಗುತ್ತಾನೆ. ನೀರು, ಹಾಲು ಬಿಟ್ಟು ಬೇರೇನನ್ನೂ ಕುಡಿಯದ ನಮ್ಮ ಪುಟಾಣಿ ಗೋಡೆಗೆ ಆತುಕೊಂಡು ಮಲಗಿದೆ. ಈ ನ್ಯಾಯವನ್ನು ಯಾರ ಮುಂದೆ ಹೇಳಿಕೊಳ್ಳಬೇಕು?

ಪುಟಾಣಿ ಬಿಳಿ ಕೂದಲಿನ ಸಣ್ಣ ಜಾತಿಯ ನಾಯಿ. ಹುರಿಗಡಲೆಗೆ ನಮ್ಮ ಕಡೆ ಪುಟಾಣಿ ಎನ್ನುತ್ತಾರೆ. ಮರಿಯಾಗಿದ್ದಾಗ ಸುಮಾರು ಅಷ್ಟೇ ಇತ್ತು, ಆಮೇಲೂ ಬಹಳ ಬೆಳೆಯಲಿಲ್ಲ. ನಾನು ಬಸ್ ಕಂಡಕ್ಟರನಾಗಿದ್ದವನು. ನಿವೃತ್ತನಾದ ಮೇಲೆ "ಮುಂದೆ ನಡೀರಿ" ಎಂದರೆ ಮುಂದೆ ನಡೆಯುವ ಜೀವ ಅದೊಂದೇ ಉಳಿದಿತ್ತು. ಅದು ಒಂದು ವಾರ ವಾಂತಿ ಮಾಡಿತು, ರೊಟ್ಟಿ ಮೂಸಿ ನೋಡಿ ಹಿಂದೆ ಸರಿಯಿತು. ಕಿವಿಯ ಒಳಗಿನ ಚರ್ಮ ಹಳದಿಯಾಗಿದ್ದನ್ನು ನನ್ನ ಹೆಂಡತಿ ಗಿರಿಜಾ ಮೊದಲು ನೋಡಿದಳು. ಬುಟ್ಟಿಯಲ್ಲಿ ಕೂರಿಸಿಕೊಂಡು ಶಿಗ್ಗಾಂವಿಗೆ ಹೋದೆವು.

ಅಲ್ಲಿನ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿದರು, ರಕ್ತ ತೆಗೆದರು. "ಲಿವರಿನ ಸಂಶಯ ಐತ್ರಿ" ಎಂದರು. ಸಂಶಯ! ನನ್ನ ಪಿತ್ತ ನೆತ್ತಿಗೇರಿದ್ದು ಅಲ್ಲಿಯೇ. ಸಂಶಯಪಡುವುದಕ್ಕೆ ಡಾಕ್ಟರೇ ಬೇಕೇ? ಅದನ್ನು ನಾನು ಮನೆಯಲ್ಲೇ ಪುಕ್ಕಟೆ ಪಡುತ್ತಿದ್ದೆ. ಉಪ್ಪು, ಎಣ್ಣೆ ಇಲ್ಲದ ಮೆತ್ತನೆಯ ಅನ್ನ, ಮಾತ್ರೆ, ಹೊತ್ತುಹೊತ್ತಿಗೆ ಸ್ವಲ್ಪ ಸ್ವಲ್ಪ ಊಟ, ಬೇರೆ ಏನೂ ಕೊಡಬಾರದು ಎಂದು ಹೇಳಿ ಕಳಿಸಿದರು.

ಲಿವರ್ ವಿಷಯದಲ್ಲಿ ನಮ್ಮ ಕನ್ನಡದವರು ಮೊದಲಿನಿಂದಲೂ ಜಿಪುಣರೆಂದು ನನಗೆ ಅನ್ನಿಸುತ್ತದೆ. ಪ್ರೀತಿಯನ್ನು ಕರುಳಿಗೆ ಕೊಟ್ಟೆವು, ಧೈರ್ಯವನ್ನು ಗುಂಡಿಗೆಗೆ ಕೊಟ್ಟೆವು, ಲಿವರಿಗೆ ಏನೂ ಕೊಡಲಿಲ್ಲ. ಓಣಿಯ ತುದಿಯಲ್ಲಿ ಚಹಾದಂಗಡಿ ಇಟ್ಟಿರುವ ಗೆಳೆಯ ಖಾದರಸಾಬನಿಗೆ ಇದನ್ನು ಹೇಳಿದರೆ ಅವನು ಸುಮ್ಮನೆ ಬಿಡಲಿಲ್ಲ. "ನಮ್ಮ ಮಾತಿನ್ಯಾಗ ಹಂಗಿಲ್ಲ ಬಸಣ್ಣ. ಮಕ್ಕಳಿಗೆ ಕಲೇಜದ ತುಂಡು, ಅಂದ್ರ ಲಿವರಿನ ತುಂಡು ಅಂತೇವಿ. ನಿಮ್ಮ ಪುಟಾಣಿನೂ ಹಂಗ ಅಲ್ಲೇನು?" ಎಂದ. ಆಗ ನನಗೆ ಕಣ್ಣು ತುಂಬಿತು. ಆ ಮಾತಾಡಿದವನ ಮೇಲೆ ಹದಿನೈದು ದಿನದೊಳಗೇ ನಾನು ಹರಿಹಾಯ್ದದ್ದನ್ನು ಈಗ ಹೇಳಬೇಕು.

ಅದಕ್ಕೆ ಮೊದಲು ಇನ್ನೊಂದು ಮಾತು. ಹಳದಿ ಬಂತೆಂದರೆ ನಮ್ಮ ಕಡೆ ಅದು ಕಾಮಣಿ. ಕಾಮಣಿಗೆ ದವಾಖಾನೆಯ ಔಷಧ ನಾಟುವುದಿಲ್ಲ, ಸೊಪ್ಪಿನ ಔಷಧವೇ ಆಗಬೇಕು ಎಂದು ಕೇಳಿಕೊಂಡೇ ಬೆಳೆದವರು ನಾವು. ಡಾಕ್ಟರಮ್ಮನ ಸಂಶಯದಿಂದ ಬೇಸತ್ತು ನಾನು ಹಾನಗಲ್ ರಸ್ತೆಯ ಒಂದು ಹಳ್ಳಿಗೆ ಹೋದೆ. ಔಷಧ ಕೊಡುವ ಅಜ್ಜಿ ಯಾರಿಗೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಯವರಿಗೆ ಎಂದುಕೊಂಡಿರಬೇಕು. "ಮೂರು ಐತವಾರ, ಬರೇ ಹೊಟ್ಟಿಲೆ ಕುಡಸು. ಮುಗಿಯೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ. ಬಿಟ್ಟಿ ಅಂದ್ರ ಔಷಧದ ಗುಣಾ ಹೋಕ್ಕೈತಿ" ಎಂದಳು.

ಮೆಟ್ರಿಕ್ ಓದಿದ ನಾನು ಇದನ್ನು ನಂಬಿದೆನೇ? ನಂಬಿದೆ, ನಂಬಲಿಲ್ಲ. ಆದರೆ ಬಾಯಿ ಬಿಡಲಿಲ್ಲ. ಭಾನುವಾರ ಗಿರಿಜಾ ಹೂ ತರಲು ಹೋದಾಗ, ಮನುಷ್ಯರ ಅಳತೆಯ ಹಸಿರು ರಸವನ್ನು ಪುಟಾಣಿಯ ಬಾಯಿಗೆ ಹನಿಹನಿಯಾಗಿ ಬಿಟ್ಟೆ. ಅದು ನನ್ನನ್ನೇ ನೋಡುತ್ತ ನುಂಗಿತು. ಮುಂದಿನ ಭಾನುವಾರವೂ ಹಾಗೆಯೇ. ಸೋಮವಾರದ ಹೊತ್ತಿಗೆ ನಿಂತರೆ ಹಿಂಗಾಲು ನಡುಗುತ್ತಿದ್ದವು.

ಮತ್ತೆ ಶಿಗ್ಗಾಂವಿ, ಮತ್ತೆ ರಕ್ತ. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಇಷ್ಟು ಲಗೂನ ಹೆಚ್ಚಾಗಬಾರದಿತ್ತು. ಬ್ಯಾರೆ ಏನರ ಕೊಟ್ಟೀರೇನ್ರಿ ಅಜ್ಜಾರ?"

"ಏನೂ ಇಲ್ರಿ" ಎಂದೆ. ಜೀವಮಾನವೆಲ್ಲ ಅರ್ಧ ಟಿಕೆಟಿನ ಸುಳ್ಳು ಹಿಡಿದವನು ನಾನು. ಮೀಸೆ ಚಿಗುರಿದ ಮಗನನ್ನು ಮಡಿಲಲ್ಲಿ ಕೂರಿಸಿಕೊಂಡು "ಇನ್ನೂ ಸಾಲಿಗೆ ಹಾಕಿಲ್ರಿ" ಎನ್ನುವ ತಾಯಂದಿರನ್ನು ಕಣ್ಣಿನಲ್ಲೇ ಓದುತ್ತಿದ್ದೆ. ಡಾಕ್ಟರಮ್ಮನಿಗೆ ಆ ವಿದ್ಯೆ ಗೊತ್ತಿರಲಿಲ್ಲ, ನಂಬಿದರು. ಹಾಗಾದರೆ ಔಷಧ ಬದಲಿಸಿ ಜೋರಿನದು ಕೊಡಬೇಕು, ಇಷ್ಟು ಸಣ್ಣ ಜೀವ ತಡೆಯುತ್ತದೋ ಇಲ್ಲವೋ ಹೇಳಲಾರೆ, ನಾಳೆ ಬೆಳಿಗ್ಗೆ ಕರೆತನ್ನಿ ಎಂದರು.

ತಪ್ಪು ಮಾಡಿದವನಿಗೆ ಸಿಟ್ಟು ಎಲ್ಲಿಂದ ಹುಟ್ಟಿಬರುತ್ತದೋ! ಊರಿಗೆ ಬಂದವನೇ ಚಹಾದಂಗಡಿಯ ಮುಂದೆ ನಿಂತು ಕೂಗಾಡಿದೆ. ನಮ್ಮ ಓಣಿಯಲ್ಲಿ ಉಣ್ಣುವವರೆಲ್ಲ ಕೊನೆಯ ತುತ್ತನ್ನು ನಾಯಿಗೆಂದು ಎತ್ತಿಡುತ್ತಾರೆ. ಒಂದು ಮನೆಯದು ಪುಣ್ಯ, ಇಪ್ಪತ್ತು ಮನೆಯದು ವಿಷ ಎಂದೆ. ನಿನ್ನ ಮಿರ್ಚಿ ಭಜಿಯೇ ಅದರ ಲಿವರ್ ಸುಟ್ಟಿತು ಎಂದು ಖಾದರಸಾಬನಿಗೆ ಬೈದೆ. ಅವನು ಸೌಟು ಕೆಳಗಿಟ್ಟ. "ನಾ ಹಾಕಿದ್ದು ಬ್ರೆಡ್ಡಿನ ಚೂರು ಬಸಣ್ಣ. ಡಾಕ್ಟರ್ ಬ್ಯಾಡ ಅಂದಾಗಿನಿಂದ ಅದೂ ಇಲ್ಲ. ಅದು ಬಂದು ನಿಂತ್ರ ಮಾರಿ ತಿರುಗಿಸಿಕೊಂಡು ನಿಲ್ತೇನಿ, ಕೇಳು ಬೇಕಾದ್ರ" ಎಂದ. ಅವನ ದನಿಯಲ್ಲಿ ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು. ಇರಲಿಲ್ಲ.

ಮನೆಯಲ್ಲಿ ಗಿರಿಜಾ ಉಪ್ಪಿಲ್ಲದ ಅನ್ನವನ್ನು ಬೆರಳಿನಿಂದ ನಾಯಿಯ ತುಟಿಗೆ ಹಚ್ಚುತ್ತಿದ್ದಳು. ತಲೆ ಎತ್ತದೆ, "ಊರ ಮಂದಿಗೆಲ್ಲಾ ಬೈದು ಬಂದ್ರಿ. ನಿಮ್ಮನ್ನೊಬ್ಬರನ್ನ ಬಿಟ್ಟೀರಿ ನೋಡ್ರಿ" ಎಂದಳು. ಅವಳಿಗೇನು ಗೊತ್ತಿತ್ತೋ ನಾನು ಇಂದಿಗೂ ಕೇಳಿಲ್ಲ.

ಮರುದಿನ ಬೆಳಿಗ್ಗೆ ಬುಟ್ಟಿ ಹಿಡಿದು ಡಾಕ್ಟರಮ್ಮನ ಮುಂದೆ ನಿಂತು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನೀವು ನಗಬಹುದು. ಹೇಳದಿದ್ದರೆ ಜೋರಿನ ಔಷಧ ಅದನ್ನು ಕೊಲ್ಲುತ್ತದೆ. ಹೇಳಿದರೆ ಅಜ್ಜಿಯ ಔಷಧದ ಗುಣ ಹೋಗುತ್ತದೆ, ಒಂದು ವೇಳೆ ಅದರಲ್ಲಿ ಗುಣವಿದ್ದರೆ? ಸಿರಿಂಜಿಗೆ ಸೂಜಿ ಸಿಕ್ಕಿಸುತ್ತಿದ್ದ ಅವರ ಕೈ ನೋಡುತ್ತ ಎಲ್ಲವನ್ನೂ ಹೇಳಿಬಿಟ್ಟೆ. ಸೊಪ್ಪಿನ ರಸ, ಅಳತೆ, ಖಾಲಿ ಹೊಟ್ಟೆ, ನಿನ್ನೆಯ ಸುಳ್ಳು, ಕೊನೆಗೆ ಬಾಯಿ ಬಿಡಬಾರದೆಂಬ ತಾಕೀತನ್ನೂ.

ಬೈಯುತ್ತಾರೆಂದು ತಲೆ ತಗ್ಗಿಸಿದ್ದೆ. ಅವರು ಸೂಜಿ ಬಿಚ್ಚಿ ಪಕ್ಕಕ್ಕಿಟ್ಟರು. "ಬಾಯಿ ಬಿಟ್ರ ಅದು ಕೆಲಸ ಮಾಡೂದು ನಿಲ್ಲತೈತಂತರೀ?"

"ಹಂಗಂತಾರ್ರಿ."

"ಛಲೋ ಆತು. ನನಗ ಬೇಕಾಗಿದ್ದೂ ಅದ. ನಿಲ್ಲಲಿ."

ಜೋರಿನ ಔಷಧದ ಮಾತು ಬಿಟ್ಟರು. ಸಲಾಯಿನ್ ಹಚ್ಚಿದರು, ಹಳೆಯ ಮಾತ್ರೆಯನ್ನೇ ಮುಂದುವರಿಸಿದರು. ಲಿವರಿನಷ್ಟು ತಾಳ್ಮೆಯ ಅಂಗ ಇನ್ನೊಂದಿಲ್ಲ, ಸ್ವಲ್ಪ ಬಿಡುವು ಕೊಟ್ಟರೆ ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ ಎಂದರು. ಈಗ ಕಿವಿಯ ಹಳದಿ ತೆಳುವಾಗಿದೆ. ನಿನ್ನೆ ಪುಟಾಣಿ ತಟ್ಟೆಯ ಅನ್ನ ತಿಂದು ತಟ್ಟೆಯನ್ನೇ ಹೊಸಿಲವರೆಗೆ ನೂಕಿಕೊಂಡು ಬಂತು. ಡಾಕ್ಟರಮ್ಮ ಮಾತ್ರ ಇನ್ನೂ "ಸಂಶಯ"ವನ್ನು ಬಿಟ್ಟಿಲ್ಲ, ಆ ಶಬ್ದದ ಮೇಲಿನ ನನ್ನ ಸಿಟ್ಟೂ ಇಳಿದಿಲ್ಲ.

ಆದರೆ "ನಿಲ್ಲಲಿ" ಎಂದ ಡಾಕ್ಟರಮ್ಮನ ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಎರಡು ಭಾನುವಾರದ ರಸ ಆ ಸಣ್ಣ ಮೈಯಲ್ಲಿ ಇನ್ನೂ ಎಷ್ಟು ಉಳಿದಿದೆಯೋ ಯಾರು ಬಲ್ಲರು? ಗಿರಿಜಾಗೆ ಹೇಳಿದೆ. ಖಾದರಸಾಬನ ಅಂಗಡಿಯಲ್ಲಿ, ಅವನ ಕೈ ಹಿಡಿದು, ಚಹಾ ಕುಡಿಯುತ್ತಿದ್ದವರೆಲ್ಲ ಕೇಳುವಂತೆ ಹೇಳಿದೆ. ದೇಶಿನೋ ಇಂಗ್ಲಿಷೋ ಎಂದು ನಕ್ಕವನಿಗೂ ನಿಲ್ಲಿಸಿ ಹೇಳಿದೆ. ಆದರೂ ಒಂದೆರಡು ಹನಿ ಉಳಿದಿದ್ದೀತು ಎಂಬ ಭಯದಿಂದ ಈಗ ನಿಮಗೂ ಹೇಳುತ್ತಿದ್ದೇನೆ.