ಹದಿನೇಳು ಇಂಚು

ಹನ್ನೊಂದು ದಿನದ ಕೂಲಿ ಬಾಕಿಯಿದೆ. ಆ ಹನ್ನೊಂದು ದಿನವೂ ಲಾಡಿಯಕ್ಕ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯ ಹಿಂಬದಿಯ ಹೊಲಿಗೆ ಕೋಣೆಗೆ ಬಂದಿದ್ದಾಳೆ, ಸಂಜೆ ಐದಕ್ಕೆ ಹೋಗಿದ್ದಾಳೆ. ನಡುವೆ ಹರಿದ ಹಾಸುಬಟ್ಟೆಗಳಿಗೆ ತೇಪೆ ಹಾಕಿದ್ದಾಳೆ, ದಿಂಬಿನ ಚೀಲ ಹೊಲಿದಿದ್ದಾಳೆ, ಪೈಜಾಮಗಳಿಗೆ ಲಾಡಿ ಪೋಣಿಸಿದ್ದಾಳೆ. ಸಾಕ್ಷಿ ಬೇಕಾದರೆ ಅಲ್ಲಿ ಆಪರೇಷನ್ ಮಾಡುವ ಯಾವ ಡಾಕ್ಟರನ್ನಾದರೂ ನೋಡಿ. ಅವರ ಪೈಜಾಮ ಸೊಂಟದ ಮೇಲೆ ನಿಂತಿರುವುದೇ ಸಾಕ್ಷಿ. ಆದರೆ ಗೋಡೆಗೆ ಬಡಿದ ಒಂದು ಯಂತ್ರ ಅವಳು ಬಂದೇ ಇಲ್ಲ ಎಂದಿದೆ. ಆಸ್ಪತ್ರೆಯವರು ಯಂತ್ರದ ಮಾತನ್ನು ನಂಬಿದ್ದಾರೆ.

ಅವಳಿಗೆ ಎರಡು ವರ್ಷವಾಗಿದ್ದಾಗ ಜ್ವರ ಬಂದು ಕಾಲಿನ ಬಲ ಹೋಯಿತು. ಆ ಕಥೆ ಅಷ್ಟೇ. ಅದನ್ನು ಇನ್ನಷ್ಟು ಉದ್ದವಾಗಿ ಕೇಳಿ ಲೊಚಗುಟ್ಟುವ ಆಸೆಯಿಂದ ಬರುವವರಿಗೆ ಅವಳು ತನ್ನ ಮೇಜಿನ ಮೇಲಿನ ಬಟ್ಟೆ ರಾಶಿಯನ್ನು ತೋರಿಸಿ ಮಡಿಸಲು ಹಚ್ಚುತ್ತಾಳೆ. ಈಗ ನಲವತ್ತೊಂದು ವಯಸ್ಸು. ಇಪ್ಪತ್ತೆರಡು ವರ್ಷದಿಂದ ಅದೇ ಆಸ್ಪತ್ರೆಯಲ್ಲಿ ದಿನಗೂಲಿ. ಬಟ್ಟೆ ಒಗೆಯುವ ದೊಡ್ಡ ಯಂತ್ರ ಲಾಡಿಗಳನ್ನು ನುಂಗಿಹಾಕುತ್ತದೆ. ದಿನಕ್ಕೆ ಐವತ್ತು ಅರವತ್ತು ಪೈಜಾಮಗಳು ಲಾಡಿ ಕಳೆದುಕೊಂಡು ಅವಳ ಬಳಿಗೆ ಬರುತ್ತವೆ. ಲಾಡಿಯ ತುದಿಗೆ ಪಿನ್ನು ಚುಚ್ಚಿ ಸೊಂಟಪಟ್ಟಿಯೊಳಗೆ ನೂಕಿದರೆ ಆ ಕಡೆ ಹೊರಬರಲು ಅವಳ ಕೈಯಲ್ಲಿ ಅರ್ಧ ನಿಮಿಷ ಸಾಕು. ಹೆಸರು ಬಂದದ್ದು ಹಾಗೆ. ದೊಡ್ಡ ಡಾಕ್ಟರ ಮಾನ ತನ್ನ ಕೈಯಲ್ಲಿದೆ ಎಂದು ಅವಳೇ ಹೇಳಿಕೊಂಡು ನಗುವುದುಂಟು.

ಹೊಲಿಗೆ ಯಂತ್ರಕ್ಕೆ ಮೋಟಾರು ಬಂದಾಗ ಅದರ ಪೆಡಲ್ ನೆಲದ ಮೇಲಿತ್ತು. ಅವಳು ಅದನ್ನು ಎತ್ತಿ ಮೇಜಿನ ಮೇಲಿಟ್ಟುಕೊಂಡು ಎಡ ಮೊಣಕೈಯಿಂದ ಒತ್ತಿದಳು. ಎರಡು ನಿಮಿಷದ ಕೆಲಸ. ಯಾವ ಫೈಲೂ ಓಡಾಡಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಆಸ್ಪತ್ರೆಯಲ್ಲಿ ಗಾಲಿಕುರ್ಚಿ ಹತ್ತುವ ಇಳಿಜಾರು ಇಲ್ಲವೆಂದಲ್ಲ. ರೋಗಿಗಳು ಬರುವ ಬಾಗಿಲಿಗೆ ಇದೆ. ಕೆಲಸಗಾರರ ಬಾಗಿಲಿಗೆ ಮೂರು ಮೆಟ್ಟಿಲು. ಕಾಲಿಲ್ಲದವರು ಇಲ್ಲಿಗೆ ಮಲಗಲು ಬರಬಹುದು, ದುಡಿಯಲು ಬರುತ್ತಾರೆಂದು ಕಟ್ಟಿದವನ ತಲೆಗೆ ಹೊಳೆಯಲಿಲ್ಲ. ಹಾಗಾಗಿ ಅವಳು ರೋಗಿಗಳ ಬಾಗಿಲಿನಿಂದ ಒಳಬಂದು, ಇಡೀ ಕಟ್ಟಡ ಸುತ್ತಿ ಹಿಂಬದಿಗೆ ಹೋಗುತ್ತಾಳೆ. ಕಾವಲಿನವರು ಬದಲಾದಾಗಲೆಲ್ಲ ಹೊಸಬ ಅವಳನ್ನು ತಡೆದು ಚೀಟಿ ಕೇಳುತ್ತಾನೆ. ಯಾವ ಕಾಯಿಲೆ ಎಂದು ಒಬ್ಬ ಕೇಳಿದ್ದಕ್ಕೆ, ಸಂಬಳ ಸಾಲದ ಕಾಯಿಲೆ, ನಿನಗೂ ಇದೆ ಎಂದಳಂತೆ.

ಓಟು ಬಂದಾಗ ಅವಳ ಬೆಲೆ ಏರುತ್ತದೆ. ಒಮ್ಮೆ ವಾರ್ಡಿನ ಪುಢಾರಿ ಗಾಲಿಕುರ್ಚಿ ದಾನದ ಸಮಾರಂಭ ಇಟ್ಟುಕೊಂಡಿದ್ದ. ಕರೆಯಲು ಬಂದವರು ನಿಮ್ಮ ಕುರ್ಚಿ ಮನೆಯಲ್ಲೇ ಬಿಟ್ಟು ಬನ್ನಿ, ಕುರ್ಚಿಯಲ್ಲಿ ಕೂತವರಿಗೆ ಕುರ್ಚಿ ಕೊಟ್ಟರೆ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದರು. ಆಟೋದಲ್ಲಿ ಕರೆದೊಯ್ದು ಎರಡು ಗಂಟೆ ಜಮಖಾನದ ಮೇಲೆ ಕೂರಿಸಿದರು. ಕೊಟ್ಟ ಕುರ್ಚಿಯ ಅಗಲ ಮನೆಯ ಬಾಗಿಲಿಗಿಂತ ನಾಲ್ಕು ಬೆರಳು ಹೆಚ್ಚು. ಅದೀಗ ಹೊರಗೆ ನಿಂತಿದೆ, ತಮ್ಮನ ಹೆಂಡತಿ ಅದರ ಮೇಲೆ ನೆಲ ಒರೆಸುವ ಬಟ್ಟೆ ಒಣಹಾಕುತ್ತಾಳೆ. ಪುಢಾರಿ ಗೆದ್ದ.

ಹಾಜರಿ ಯಂತ್ರ ಬಂದದ್ದು ಒಂದು ತಿಂಗಳ ನಡುವೆ. ಅಲ್ಲಿಯವರೆಗೆ ಮೇಜಿನ ಮೇಲೆ ಪುಸ್ತಕವಿತ್ತು, ಸಹಿ ಮಾಡುತ್ತಿದ್ದರು. ಈಗ ಕೆಲಸಗಾರರ ಬಾಗಿಲ ಒಳಗೋಡೆಗೆ ಒಂದು ಕಪ್ಪು ಗಾಜು. ಎದುರು ನಿಂತರೆ ಮುಖ ನೋಡಿ ಹಾಜರಿ ಹಾಕುತ್ತದೆ. ಲಾಡಿಯಕ್ಕ ಒಳಗಿನಿಂದ ಸುತ್ತಿ ಬಂದು ಅದರ ಮುಂದೆ ಕುರ್ಚಿ ನಿಲ್ಲಿಸಿದಳು. ಗಾಜಿನಲ್ಲಿ ಅವಳ ಬೈತಲೆಯ ತುದಿ ಮಾತ್ರ ಕಂಡಿತು. ಯಂತ್ರದೊಳಗಿನ ಹೆಣ್ಣುದನಿ ಸಕ್ಕರೆ ಸುರಿಸುತ್ತ, ದಯವಿಟ್ಟು ನೇರವಾಗಿ ನಿಂತುಕೊಳ್ಳಿ ಎಂದಿತು.

“ಚಿಕ್ಕವಳಿದ್ದಾಗಿಂದ ಡಾಕ್ಟರುಗಳೂ ಇದನ್ನೇ ಹೇಳ್ತಿದ್ರು ಕಣಮ್ಮ,” ಎಂದಳು ಅಕ್ಕ. “ಆಗೋ ಹಾಗಿದ್ರೆ ಆವಾಗಲೇ ನಿಂತಿರ್ತಿದ್ದೆ.”

ಸಾಲಿನಲ್ಲಿದ್ದವರು ನಕ್ಕರು. ಮೇಲ್ವಿಚಾರಕ ನಗಲಿಲ್ಲ. ವಾರ್ಡಿನ ಇಬ್ಬರು ಆಳುಗಳನ್ನು ಕರೆದು ಅವಳನ್ನು ಎತ್ತಿ ಹಿಡಿಯಲು ಹೇಳಿದ. ಕಂಕುಳಿಗೆ ಕೈ ಹಾಕಿ ಎತ್ತಿದರು. ಕಾಲು ಜೋತಾಡಿತು, ಮೈಮೇಲಿನ ಬಟ್ಟೆ ಜಾರಿತು, ಯಂತ್ರಕ್ಕೆ ಮುಖ ಸಿಗಲಿಲ್ಲ. ಇನ್ನೂ ಸ್ವಲ್ಪ ಮೇಲೆ ಎಂದ ಮೇಲ್ವಿಚಾರಕ. ಸ್ವಲ್ಪ ನಗಮ್ಮ, ಬೇಗ ಹಿಡಿಯುತ್ತೆ ಎಂದ. ಹಿಂದೆ ಇಪ್ಪತ್ತು ಜನ ನೋಡುತ್ತ ನಿಂತಿದ್ದರು. ಹಾಜರಿ ಬಿತ್ತು.

ಮರುದಿನ ಆಳುಗಳು ಬಂದಾಗ ಅವಳು ಕತ್ತರಿ ತೋರಿಸಿದಳು. ಮೈ ಮುಟ್ಟಿದರೆ ಚುಚ್ಚುತ್ತೇನೆ ಎಂದಳು. ಆಳುಗಳು ಒಳ್ಳೆಯವರು, ಹೊರಟುಹೋದರು. ಅವಳು ನೇರ ಹೊಲಿಗೆ ಕೋಣೆಗೆ ಹೋಗಿ ಕೆಲಸಕ್ಕೆ ಕೂತಳು. ತಿಂಗಳ ಕೊನೆಯವರೆಗೆ ಹೀಗೆ ಹನ್ನೊಂದು ದಿನ. ಸಂಬಳದ ದಿನ ಹನ್ನೊಂದೂ ಮುರಿದುಕೊಂಡು ಕೊಟ್ಟರು. ಅವತ್ತು ಅವಳು ನನಗೆ ಫೋನು ಮಾಡಿದಳು. ನಾನು ಕೆಲಸಗಾರರ ಸಂಘದ ಹಳೆಯ ಕಾರ್ಯದರ್ಶಿ.

“ಆಕಾಶದಲ್ಲಿ ಕಣ್ಣಿಟ್ಟು ಯಾರ ಹೊಲದಲ್ಲಿ ಏನು ಬೆಳೆದಿದೆ ಅಂತ ನೋಡ್ತಾರಂತಲ್ಲ,” ಎಂದಳು. “ಮೂತಿ ಕೆಳಗೆ ಕೂತಿರೋ ನಾನು ಕಾಣಲ್ವಂತೆ. ಏನ್ ವಿಜ್ಞಾನಾನೋ, ಇದರ ಮನೆ ಹಾಳಾಗ.”

ನಾನು ಅರ್ಜಿ ಬರೆದುಕೊಟ್ಟೆ. ಉತ್ತರ ಬಂತು: ಯಂತ್ರ ಹೊರಗಿನ ಕಂಪನಿಯದು, ಮುಟ್ಟಿದರೆ ಗ್ಯಾರಂಟಿ ಹೋಗುತ್ತದೆ, ಎತ್ತರ ಬದಲಿಸಲು ಮೇಲಿನ ಒಪ್ಪಿಗೆ ಬೇಕು, ಫೈಲು ಹೋಗಿದೆ.

ಅಷ್ಟರಲ್ಲಿ, ಸಂಬಳದ ಮರುದಿನವೇ, ಅವಳ ಪಕ್ಕದ ಕೋಣೆಯ ಇಸ್ತ್ರಿಯಣ್ಣ ತಲೆ ಓಡಿಸಿದ್ದ. ಹಳೆಯ ಗುಂಪು ಫೋಟೋದಿಂದ ಅವಳ ಮುಖವನ್ನು ದೊಡ್ಡದು ಮಾಡಿಸಿ, ರಟ್ಟಿಗೆ ಅಂಟಿಸಿ, ತನ್ನ ಹಾಜರಿ ಆದ ಮೇಲೆ ಅದನ್ನೂ ಗಾಜಿನ ಮುಂದೆ ಹಿಡಿದ. ಹಾಜರಿ ದಾಖಲಾಗಿದೆ, ಧನ್ಯವಾದ ಎಂದಿತು ಯಂತ್ರ. ಜೀವವಿರುವ ಹೆಂಗಸಿಗೆ ನಿಂತುಕೋ ಎಂದ ಯಂತ್ರ ರಟ್ಟಿಗೆ ಧನ್ಯವಾದ ಹೇಳಿತು. ಆರು ದಿನ ಅದು ನಡೆಯಿತು. ಲಾಡಿಯಕ್ಕನಿಗೆ ಗೊತ್ತಿತ್ತು, ಬೇಡ ಎನ್ನಲಿಲ್ಲ. ರಟ್ಟನ್ನು ತರಿಸಿಕೊಂಡು ನೋಡಿ, ಇವಳು ನನಗಿಂತ ಹತ್ತು ವರ್ಷ ಚಿಕ್ಕವಳು, ಕೆಲಸ ಇವಳಿಗೇ ಇರಲಿ ಎಂದಳು. ಏಳನೆಯ ದಿನ ಅವಳು ಜ್ವರ ಬಂದು ಮನೆಯಲ್ಲೇ ಮಲಗಿದಳು. ಇಸ್ತ್ರಿಯಣ್ಣ ಕೈರೂಢಿಯಲ್ಲಿ ಅವತ್ತೂ ರಟ್ಟು ಹಿಡಿದುಬಿಟ್ಟ.

ಸಿಕ್ಕಿಬಿದ್ದದ್ದು ಹಾಗೆ. ದುಡಿದ ಹನ್ನೊಂದು ದಿನ ಗೈರುಹಾಜರಿ, ಮಲಗಿದ್ದ ಒಂದು ದಿನ ಹಾಜರಿ. ಹನ್ನೊಂದರ ಬಗ್ಗೆ ಅಷ್ಟು ದಿನ ಉಸಿರೆತ್ತದಿದ್ದವರು ಆ ಒಂದಕ್ಕೆ ಒಂದೇ ಗಂಟೆಯಲ್ಲಿ ನೋಟೀಸು ಟೈಪು ಮಾಡಿಸಿದರು. ಇಬ್ಬರಿಗೂ ವಂಚನೆಯ ಆರೋಪ. ವಿಚಾರಣೆಗೆ ಖುದ್ದಾಗಿ ಹಾಜರಾಗಬೇಕು, ಆಡಳಿತ ಕಟ್ಟಡದ ಎರಡನೆಯ ಮಹಡಿ. ಬರದಿದ್ದರೆ ಕೆಲಸದಿಂದ ತೆಗೆಯಲಾಗುವುದು. ಆ ಕಟ್ಟಡಕ್ಕೆ ಲಿಫ್ಟಿಲ್ಲ.

ಸಂಘದಲ್ಲಿ ನಾವು ಕುದಿದೆವು. ಘೋಷಣೆ ಬರೆದೆವು. ಬಯಲಿನಲ್ಲಿ ವೇದಿಕೆ ಹಾಕಿ, ಲಾಡಿಯಕ್ಕನನ್ನು ಕುರ್ಚಿಸಮೇತ ಹೆಗಲ ಮೇಲೆ ಹೊತ್ತು ಮೇಲೇರಿಸುವುದು, ಪತ್ರಿಕೆಯವರನ್ನು ಕರೆಸುವುದು ಎಂದು ತೀರ್ಮಾನವಾಯಿತು. ಹೇಳಲು ನಾನೇ ಹೋದೆ. ಅವಳು ಲಾಡಿ ಪೋಣಿಸುತ್ತ ಕೇಳಿಸಿಕೊಂಡಳು.

“ನನ್ನನ್ನ ಎತ್ತಬೇಡಿ ಅಂತ ಹೋರಾಟ ಮಾಡೋದಕ್ಕೆ ನನ್ನನ್ನ ಎತ್ತಿಕೊಂಡು ಹೋಗ್ತೀರಾ, ಅಣ್ಣಾ?”

ನಾನು ಘೋಷಣೆಯ ಹಾಳೆ ಮಡಿಸಿಕೊಂಡೆ. ಅವಳು ಬಿಡಲಿಲ್ಲ.

“ಹದಿನೆಂಟು ವರ್ಷದಿಂದ ಚಂದಾ ಕೊಡ್ತಿದ್ದೀನಿ. ನಿಮ್ಮ ಸಂಘದ ಕಚೇರಿ ಯಾವ ಮಹಡೀಲಿದೆ?”

ಮೊದಲ ಮಹಡಿ. ಕಡಿದಾದ ಹದಿನಾರು ಮೆಟ್ಟಿಲು. ಹದಿನೆಂಟು ವರ್ಷವೂ ನಾವು ಅವಳ ಸಹಿಗೆ ಪುಸ್ತಕ ಕಳಿಸಿದ್ದೇವೆ, ಅವಳನ್ನು ಒಂದು ಸಭೆಗೂ ಕರೆದಿಲ್ಲ. ಕರೆದಿಲ್ಲ ಎಂಬುದು ಅವಳು ಕೇಳುವವರೆಗೆ ನಮಗೆ ಗೊತ್ತೇ ಇರಲಿಲ್ಲ. ಆಸ್ಪತ್ರೆಯವರನ್ನು ಬೈದ ಬಾಯಿಂದಲೇ ಇದನ್ನೂ ಬರೆಯುತ್ತಿದ್ದೇನೆ.

“ವೇದಿಕೆ ಬೇಡ,” ಎಂದಳು. “ನಾನು ಗೈರುಹಾಜರಿ ತಾನೆ? ಗೈರುಹಾಜರಾದವಳು ಲಾಡಿ ಹೇಗೆ ಹಾಕ್ತಾಳೆ?”

ಮರುದಿನ ಎಂಟಕ್ಕೆ ಬಂದಳು. ಮೇಜಿನ ಮುಂದೆ ಕೈಕಟ್ಟಿ ಕೂತಳು. ಪೈಜಾಮಗಳು ಬಂದು ಬಿದ್ದವು. ಇಸ್ತ್ರಿಯಣ್ಣ ಅವನ್ನು ಲಾಡಿಯಿಲ್ಲದೆಯೇ ಗೆರೆ ಬರುವಂತೆ ಇಸ್ತ್ರಿ ಮಾಡಿ ಮೇಲಕ್ಕೆ ಕಳಿಸಿದ. ಮೊದಲ ದಿನ ಹಳೆಯ ದಾಸ್ತಾನು ಸಾಕಾಯಿತು. ಎರಡನೆಯ ದಿನ ಡಾಕ್ಟರುಗಳು ಗಾಯಕ್ಕೆ ಸುತ್ತುವ ಪಟ್ಟಿಯನ್ನು ಸೊಂಟಕ್ಕೆ ಸುತ್ತಿಕೊಂಡರು. ಮೂರನೆಯ ದಿನ ದೊಡ್ಡ ಡಾಕ್ಟರು ಒಂದು ಕೈಯಲ್ಲಿ ಪೈಜಾಮ ಹಿಡಿದುಕೊಂಡು ಆಡಳಿತಾಧಿಕಾರಿಯ ಕೋಣೆಗೆ ನುಗ್ಗಿದರಂತೆ. ಇದನ್ನು ನೋಡಿದ ನರ್ಸು ಈಗಲೂ ಹೇಳುವಾಗ ಗೋಡೆ ಹಿಡಿದುಕೊಳ್ಳುತ್ತಾಳೆ.

ಖುದ್ದಾಗಿ ಹಾಜರಾಗು ಎಂದಿದ್ದ ಅಧಿಕಾರಿ ಖುದ್ದಾಗಿ ಕೆಳಗಿಳಿದು ಬಂದ. ಹಿಂದೆ ಮೇಲ್ವಿಚಾರಕ. ಹೊಲಿಗೆ ಕೋಣೆಯಲ್ಲಿ ಇರುವುದು ಒಂದೇ ಕುರ್ಚಿ, ಅದರಲ್ಲಿ ಅವಳು ಕೂತಿದ್ದಳು. ಅವರು ನಿಂತರು. ಅಧಿಕಾರಿ ಮೆಲ್ಲಗೆ ಮಾತಾಡಿದ. ಒಂದು ತಪ್ಪೊಪ್ಪಿಗೆ ಬರೆದುಕೊಟ್ಟರೆ ನೋಟೀಸು ಹಿಂದೆ ತೆಗೆದುಕೊಳ್ಳೋಣ, ದಿನಾ ಎತ್ತಲು ಹೆಂಗಸರನ್ನೇ ನೇಮಿಸೋಣ ಎಂದ.

ಅವಳು ಕೊರಳಿಗೆ ಹಾಕಿಕೊಂಡಿದ್ದ ಅಳತೆ ಟೇಪು ತೆಗೆದು ಮೇಲ್ವಿಚಾರಕನ ಕೈಗೆ ಕೊಟ್ಟು, ನೆಲದಿಂದ ತನ್ನ ಕಣ್ಣಿನವರೆಗೆ ಹಿಡಿ ಎಂದಳು. ನಲವತ್ತೈದು ಇಂಚು. ಹೋಗಿ ಯಂತ್ರ ಅಳೆದು ಬಾ ಎಂದಳು. ಅರವತ್ತೆರಡು.

“ಹದಿನೇಳು ಇಂಚು,” ಎಂದಳು. “ನಾನು ಮೇಲೆ ಬರಲ್ಲ. ಅದು ಕೆಳಗೆ ಬರಲಿ. ಅಲ್ಲೀವರೆಗೆ ನಿಮ್ಮ ಪೈಜಾಮ ನೀವೇ ಹಿಡ್ಕೊಳ್ಳಿ, ಸಾರ್.”

ಅವತ್ತು ಸಂಜೆ ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಸ್ಕ್ರೂಡ್ರೈವರ್ ಹಿಡಿದು ಬಂದ. ನಾಲ್ಕು ಸ್ಕ್ರೂ, ಹತ್ತು ನಿಮಿಷ. ಮೇಲಿನ ಒಪ್ಪಿಗೆ, ಗ್ಯಾರಂಟಿ, ಫೈಲು, ಯಾವುದರ ಸುದ್ದಿಯೂ ಇಲ್ಲ. ಮರುದಿನ ಬೆಳಿಗ್ಗೆ ಲಾಡಿಯಕ್ಕ ಗಾಜಿನ ಮುಂದೆ ಕೂತು ಮುಖ ತೋರಿಸಿದಳು, ಯಂತ್ರ ಧನ್ಯವಾದ ಹೇಳಿತು. ಈಗ ಮೇಲ್ವಿಚಾರಕ ದಿನಕ್ಕೆರಡು ಸಲ ಅದರ ಮುಂದೆ ಬಗ್ಗುತ್ತಾನೆ. ಸೊಂಟನೋವು ಎಂದು ಅರ್ಜಿ ಕೊಟ್ಟಿದ್ದಾನೆ ಎಂದು ಕೇಳಿದೆ. ನಮ್ಮ ಸಂಘ ಬೀದಿಮಟ್ಟದ ಒಂದು ಕೋಣೆಗೆ ಬಂದಿದೆ. ಮೊದಲ ಸಭೆಗೆ ಅವಳು ಬಂದು, ನಿಮ್ಮ ಭಾಷಣ ಇಷ್ಟು ಉದ್ದ ಅಂತ ಗೊತ್ತಿದ್ದರೆ ಮಹಡಿಯಲ್ಲೇ ಇರಿ ಅಂತಿದ್ದೆ ಎಂದಳು.

ಆದರೆ ಹನ್ನೊಂದು ದಿನದ ಕೂಲಿ ಬಂದಿಲ್ಲ. ದಾಖಲೆಯಲ್ಲಿ ಗೈರುಹಾಜರಿ ಎಂದಿದೆ, ದಾಖಲೆ ತಿದ್ದಲು ಅವಕಾಶವಿಲ್ಲವಂತೆ. ಅವಳ ನೋಟೀಸು ಹಿಂದೆ ಹೋಯಿತು, ಇಸ್ತ್ರಿಯಣ್ಣನ ಮೇಲಿನ ವಂಚನೆಯ ಆರೋಪ ಹಾಗೇ ಇದೆ. ನಾವು ಬಿಟ್ಟಿಲ್ಲ. ಬಿಡುವುದೂ ಇಲ್ಲ.

ಓದುತ್ತಿರುವ ನಿಮಗೂ ಒಂದು ಕೆಲಸವಿದೆ. ಅಯ್ಯೋ ಪಾಪ ಎನ್ನಬೇಡಿ, ಅದು ಅವಳಿಗೆ ಬೇಡ. ನಾಳೆ ನೀವು ದುಡಿಯುವಲ್ಲಿಗೆ ಒಂದು ಟೇಪು ತೆಗೆದುಕೊಂಡು ಹೋಗಿ. ಬಾಗಿಲ ಮೆಟ್ಟಿಲು ಎಣಿಸಿ. ಹಾಜರಿ ಯಂತ್ರ, ಹಣ ಕಟ್ಟುವ ಕಿಟಕಿ, ಲಿಫ್ಟಿನ ಗುಂಡಿ, ಎಲ್ಲವನ್ನೂ ನೆಲದಿಂದ ಅಳೆಯಿರಿ. ಒಂದು ಕುರ್ಚಿ ಎಳೆದುಕೊಂಡು ಅವುಗಳ ಮುಂದೆ ಕೂತು ನೋಡಿ. ನಿಮ್ಮ ಮುಖ ಕಾಣದಿದ್ದರೆ, ಕೈ ಎಟುಕದಿದ್ದರೆ, ಅರ್ಜಿ ಬರೆದು ಕಾಯುತ್ತ ಕೂರಬೇಡಿ. ಸ್ಕ್ರೂಡ್ರೈವರ್ ಹಿಡಿದವನನ್ನು ಕರೆಸಿ, ಇಳಿಸಿ.