ಕುಶಲ ಕೇಳಬಾರದ ಚಾಟ್

ಕೊಚ್ಚಿಯ ನಮ್ಮ ವಿಶ್ವವಿದ್ಯಾಲಯದಲ್ಲಿ ಪ್ರಿಂಟರ್ ಕೈಕೊಟ್ಟರೆ ಫೋನ್ ಮಾಡುವಂತಿಲ್ಲ. ಬರೀ ಅಕ್ಷರಗಳ ಒಂದು ಚಾಟ್‌ನಲ್ಲಿ ಎಲ್ಲರೆದುರೇ ಬರೆಯಬೇಕು. ಹಾಲ್‌ಟಿಕೆಟ್‌ಗೆ ನನ್ನ ಕೌಂಟರಿನೆದುರು ವಿದ್ಯಾರ್ಥಿಗಳ ಸಾಲು ಬೆಳೆಯುತ್ತಿದ್ದ ದಿನ ಮೊದಲ ಸಲ ಆ ಚಾಟ್‌ಗೆ ಹೋದೆ. ನಾನು ಮೈಸೂರಿನವಳು. ಎಲ್ಲರನ್ನೂ ಇಂಗ್ಲಿಷಿನಲ್ಲಿ ವಿಚಾರಿಸಿಕೊಂಡೆ: "ನಮಸ್ಕಾರ, ಊಟ ಆಯ್ತಾ?"

ಚಾಟ್ ನೋಡಿಕೊಳ್ಳುವವರು ನಮ್ಮ ತಿರುವನಂತಪುರದ ಕಚೇರಿಯ ಲತಾ ಚೇಚಿ; ಚೇಚಿ ಅಂದರೆ ಇಲ್ಲಿನವರ ಬಾಯಲ್ಲಿ ಅಕ್ಕ. "ಇಲ್ಲಿ ಕುಶಲ ಕೇಳಬಾರದು. ನೇರವಾಗಿ ತೊಂದರೆ ಬರೆಯಿರಿ," ಅಂದರು. ಬರೆದೆ, ಕೂತಲ್ಲಿಂದಲೇ ಸರಿಮಾಡಿದರು. ಥ್ಯಾಂಕ್ಸ್ ಅಂದೆ. "ಅದೂ ಬೇಡ. ಎಲ್ಲರ ಸ್ಕ್ರೀನ್ ತುಂಬುತ್ತದೆ." ಅವತ್ತಿನಿಂದ ನಾನೂ ತಂತಿ ಕಳಿಸುವವಳ ಹಾಗೆ ಬರೆಯುವುದನ್ನು ಕಲಿತೆ.

ಮೊನ್ನೆ ತಿರುವನಂತಪುರಕ್ಕೆ ಹೋದಾಗ ಅವರ ಕಚೇರಿಗೇ ಹೋದೆ. ಕಲಿತ ಶಿಸ್ತು ಬಿಡಬಾರದಲ್ಲ, ಬಾಗಿಲಲ್ಲೇ ನಿಂತು, "ಚೇಚಿ, ಸ್ಕ್ಯಾನರ್ ಓಡ್ತಿಲ್ಲ," ಅಂದೆ.

ಚೇಚಿ ಕನ್ನಡಕ ತೆಗೆದು ನೋಡಿದರು. ಮಲಯಾಳದಲ್ಲೇ ಬೈದರು: "ಅಷ್ಟು ದೂರದಿಂದ ಬಂದು, ಹೇಗಿದ್ದೀರಿ ಅಂತಲೂ ಕೇಳದೆ ಸ್ಕ್ಯಾನರಾ? ಮೊದಲು ಕೂತ್ಕೊಳ್ಳಿ. ಊಟ ಆಯ್ತಾ?"

ಆಗಿತ್ತು. ಆದರೂ ಇಲ್ಲ ಅಂದೆ. ಅವರ ಡಬ್ಬಿಯ ಮೀನುಸಾರು ಉಂಡು, ಸಂಜೆ ಬಸ್ಸು ಹತ್ತಿದೆ. ಸ್ಕ್ಯಾನರ್ ಇನ್ನೂ ಹಾಗೇ ಇದೆ. ಅದನ್ನು ಚಾಟ್‌ನಲ್ಲೇ ಬರೆಯಬೇಕಂತೆ.