ಟೈಲರ್ ಮಾವ ನೆಲ ಅಳೆದದ್ದು

ಟೈಲರ್ ಮಾವ ಯಾರಿಗೂ ಸ್ವಂತ ಮಾವನಲ್ಲ. ಆದರೂ ಆ ಬೀದಿಯಲ್ಲಿ ಅವರನ್ನು ಬೇರೆ ಹೆಸರಿನಿಂದ ಕರೆದವರಿಲ್ಲ. ಮಾವನ ಹೆಂಡತಿಯಾದ ಮೇಲೆ ಅವರಾಕೆ ತಾನೇ ತಾನಾಗಿ ಎಲ್ಲರಿಗೂ ಅತ್ತೆಯಾದರು. ಇಬ್ಬರೂ ಮದುವೆಯಾದ ವರ್ಷದಿಂದ ಒಂದೇ ಬಾಡಿಗೆ ಮನೆಯಲ್ಲಿದ್ದರು. ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಕತ್ತರಿಸುವ ಮೇಜು, ಮೇಜಿನ ಕೆಳಗೆ ಯಾರೂ ವಾಪಸ್ ಕೇಳದ ತುಂಡು ಬಟ್ಟೆಗಳ ಮೂಟೆ.

ಅವರು ಬಂದಾಗ ಆ ಮನೆಗೆ ಬೀದಿಯಿಂದ ಒಂದು ಮೆಟ್ಟಿಲು ಹತ್ತಬೇಕಿತ್ತು. ಮನೆ ಎಲ್ಲಿಗೂ ಹೋಗಲಿಲ್ಲ, ರಸ್ತೆ ಮೇಲೆ ಬಂತು. ಒಂದು ಸಲ ಜಲ್ಲಿ ಹಾಕಿದರು, ಮೇಲೆ ಟಾರು ಹಾಕಿದರು. ಟಾರು ಕಿತ್ತುಹೋಯಿತು ಎಂದು ಅದರ ಮೇಲೇ ಇನ್ನೊಂದು ಪದರ ಎಳೆದರು. ಹತ್ತುವ ಮೆಟ್ಟಿಲು ಮೊದಲು ನೆಲಕ್ಕೆ ಸಮವಾಯಿತು, ಆಮೇಲೆ ಇಳಿಯುವ ಮೆಟ್ಟಿಲಾಯಿತು. ಈಗ ಗಿರಾಕಿಗಳು ಬಾಗಿಲ ಚೌಕಟ್ಟು ಹಿಡಿದು, ಬಾವಿಗೆ ಕಾಲಿಡುವವರ ಹಾಗೆ ಹುಷಾರಾಗಿ ಒಳಗಿಳಿಯುತ್ತಿದ್ದರು. ಯಂತ್ರದ ಮುಂದೆ ಕೂತ ಮಾವನಿಗೆ ಗಿಡ್ಡ ಕಿಟಕಿಯಿಂದ ಕಾಣುತ್ತಿದ್ದುದು ಜನರ ಮೊಣಕಾಲಿನಿಂದ ಕೆಳಗೆ ಮಾತ್ರ.

"ಬರ್ತಾ ಇರೋದು ಪೋಸ್ಟ್‌ಮ್ಯಾನ್ ಕಣೇ. ಬಲಗಾಲಿನ ಮಡಿಕೆ ಬಿಚ್ಚಿಹೋಗಿದೆ. ಹೇಳಿದ್ರೂ ತಂದು ಕೊಡಲ್ಲ ಮಹಾರಾಯ," ಅನ್ನುತ್ತಿದ್ದರು.

ಮಳೆ ಬಂದರೆ ಮಾತ್ರ ಮಾತು ನಿಲ್ಲುತ್ತಿತ್ತು. ಬೀದಿಯ ನೀರಿಗೆ ಹೋಗಲು ಬೇರೆ ದಾರಿಯೇ ಇಲ್ಲವೇನೋ ಎಂಬಂತೆ ಅದು ನೇರ ಒಳಗೆ ಬರುತ್ತಿತ್ತು. ಮಾವ ಬಟ್ಟೆಯನ್ನೆಲ್ಲ ಮೇಜಿನ ಮೇಲಕ್ಕೆ ಏರಿಸುತ್ತಿದ್ದರು. ಅತ್ತೆ ಕುಕ್ಕರಗಾಲಲ್ಲಿ ಕೂತು ತಟ್ಟೆಯಿಂದ ನೀರು ತೋಡಿ ಬಕೆಟ್ಟಿಗೆ ತುಂಬುತ್ತಿದ್ದರು. ಬಕೆಟ್ ಎತ್ತಿ ಹೊರಗೆ ಚೆಲ್ಲಿ, ಮತ್ತೆ ಬಂದು ಕೂತು ತೋಡುತ್ತಿದ್ದರು. ಒಂದು ಮಳೆಗಾಲದಲ್ಲಿ ಹಾಗೆ ಕೂತವರು ಏಳಲಾಗದೆ ಗೋಡೆ ಹಿಡಿದುಕೊಂಡರು. ಎಡ ಮಂಡಿ ಅಂದು ಮುನಿಸಿಕೊಂಡದ್ದು ಆಮೇಲೆ ರಾಜಿಗೆ ಬರಲೇ ಇಲ್ಲ.

ಹಾಗಾಗಿ ಊರಾಚೆಯ ಹೊಸ ಬಡಾವಣೆಯಲ್ಲಿ ಒಂದು ಸಣ್ಣ ಸೈಟು ಕೊಂಡು ಪಾಯ ತೆಗೆಸಿದ ದಿನ ಮಾವ ಹೆಂಡತಿಗೆ ಎರಡು ಮಾತು ಕೊಟ್ಟರು. ಒಂದು, ಹೊಸ ಮನೆಯೊಳಗೆ ಒಂದು ಹನಿ ಬೀದಿ ನೀರು ಬರುವುದಿಲ್ಲ. ಇನ್ನೊಂದು, ಆ ಮನೆಗೆ ಹೋಗಿಬರಲು ನಿನ್ನ ಮಂಡಿ ಕಷ್ಟಪಡುವುದಿಲ್ಲ. ಎರಡೂ ಮಾತು ಒಂದರ ಪಕ್ಕ ಒಂದು ಕೂತು ಜಗಳವಾಡಬಹುದು ಎಂದು ಅವತ್ತು ಅವರಿಗೆ ಹೊಳೆಯಲಿಲ್ಲ.

ಅಂದಿನಿಂದ ಮಾವನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಸೈಕಲ್ ಹತ್ತಿ ಸೈಟಿಗೆ ಹೋಗುವುದು, ಕೊರಳಿನ ಟೇಪು ತೆಗೆದು ಗೋಡೆ ಅಳೆಯುವುದು, ಮೇಸ್ತ್ರಿಯ ಜೊತೆ ಕಿತ್ತಾಡುವುದು. ಮೇಸ್ತ್ರಿ ದೊಡ್ಡ ಹೊಟ್ಟೆಯ ನಗುಮುಖದ ಮನುಷ್ಯ. ಅವನ ಪ್ಯಾಂಟುಗಳೆಲ್ಲ ಮಾವನ ಕೈಯವೇ. ಆ ಸಲುಗೆಯಿಂದಲೇ ಎಲ್ಲವನ್ನೂ ಸಹಿಸಿಕೊಂಡಿದ್ದ.

ಪಾಯದ ಗೋಡೆ ಎದ್ದು, ಒಳಗೆ ಮಣ್ಣು ತುಂಬಿ ಕುಟ್ಟಿ, ಸುತ್ತ ಹಲಗೆ ಕಟ್ಟಿ ಆಗಿತ್ತು. ಮರುದಿನ ಬೆಳಿಗ್ಗೆ ಕಾಂಕ್ರೀಟ್ ಲಾರಿ ಬರುವುದಿತ್ತು. ಕಾಂಕ್ರೀಟು ಹಲಗೆಯ ಅಂಚಿನವರೆಗೆ ತುಂಬಿ ಮಟ್ಟವಾದರೆ ಅದೇ ಮನೆಯ ನೆಲ. ಒಮ್ಮೆ ಗಟ್ಟಿಯಾದರೆ ಅದನ್ನು ಎತ್ತುವವರೂ ಇಲ್ಲ, ಇಳಿಸುವವರೂ ಇಲ್ಲ. ಅತ್ತೆ ಒಮ್ಮೆ ನೋಡಬೇಕು ಎಂದರು. ಮಾವ ಆಟೋದಲ್ಲಿ ಕರೆತಂದು, ಇಟ್ಟಿಗೆ ರಾಶಿಯ ನೆರಳಲ್ಲಿ ಕೂರಿಸಿ, ಮುಂದಿನ ಮೂಲೆಗೆ ಹೋಗಿ ಕೊರಳ ಟೇಪನ್ನು ನೆಲದಿಂದ ಹಲಗೆಯ ಅಂಚಿಗೆ ಹಿಡಿದರು.

"ಏಯ್ ಮೇಸ್ತ್ರಿ, ಬಾ ಇಲ್ಲಿ! ಎರಡು ಅಡಿ ಅಂದಿದ್ದೆ. ಮುಕ್ಕಾಲು ಇಂಚು ಎಲ್ಲಿ ನುಂಗಿದೆ?"

"ಮಾವ, ನಿನ್ನೆ ಸಂಜೆ ತಾನೆ ಅಳೆದಿದೀನಿ. ಎಳ್ಳಷ್ಟೂ ಕಮ್ಮಿ ಇಲ್ಲ."

"ನನ್ನ ಕೈಲಿರೋದು ಟೇಪು ಕಣಯ್ಯ, ಹಾವಲ್ಲ. ಕಣ್ಣು ಬಿಟ್ಟು ನೋಡು."

ಮೇಸ್ತ್ರಿ ಸೊಂಟದಿಂದ ಸ್ಟೀಲ್ ಟೇಪು ತೆಗೆದು ಸರಕ್ಕನೆ ಎಳೆದ. ಎರಡು ಅಡಿ, ಸರಿಯಾಗಿ. ಮಾವ ತಮ್ಮದನ್ನು ಇನ್ನೊಮ್ಮೆ ಹಿಡಿದರು. ಮುಕ್ಕಾಲು ಇಂಚು ಕಮ್ಮಿ. ಇಬ್ಬರ ದನಿಯೂ ಏರಿತು. ಪಕ್ಕದ ಸೈಟಿನಲ್ಲಿ ಗಾರೆ ಕಲಸುತ್ತಿದ್ದವರು ಕೈ ನಿಲ್ಲಿಸಿ ನೋಡತೊಡಗಿದರು.

"ಎರಡೂ ಇಲ್ಲಿ ತನ್ನಿ," ಎಂದರು ಅತ್ತೆ ಕೂತಲ್ಲಿಂದಲೇ. ತಂದರು. ಅತ್ತೆ ಸ್ಟೀಲ್ ಟೇಪನ್ನು ತೊಡೆಯ ಮೇಲೆ ಚಾಚಿ, ಅದರ ಪಕ್ಕಕ್ಕೆ ಬಟ್ಟೆ ಟೇಪನ್ನು ಮಲಗಿಸಿದರು. ಆರಂಭ ಎರಡಕ್ಕೂ ಒಂದೇ. ಮುಂದೆ ಹೋದಂತೆ ಬಟ್ಟೆ ಟೇಪಿನ ಗೆರೆಗಳು ಮೆಲ್ಲಗೆ ಮುಂದೆ ಮುಂದೆ ಜಾರಿದವು. ವರ್ಷಗಟ್ಟಲೆ ಎದೆ, ಸೊಂಟ, ತೋಳು ಅಂತ ಎಳೆದೂ ಎಳೆದೂ ಪಾಪದ ಟೇಪು ಹಿಗ್ಗಿತ್ತು.

ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಗಾರೆ ಕಲಸುವವರೂ ನಕ್ಕರು. ಮಾವನ ಮುಖ ಮಾತ್ರ ಸಣ್ಣದಾಯಿತು. "ಅಲ್ವೇ, ಹಾಗಾದ್ರೆ ನಾನು ಊರಿನವರಿಗೆಲ್ಲ ಇಷ್ಟು ದಿನ..."

"ಅಳೆದದ್ದೂ ಇದರಲ್ಲೇ, ಕತ್ತರಿಸಿದ್ದೂ ಇದರಲ್ಲೇ. ಯಾರಾದ್ರೂ ಬಂದು ಬಿಗಿಯಾಯ್ತು ಅಂತ ಅತ್ತಿದಾರಾ? ಸುಮ್ನಿರಿ," ಎಂದರು ಅತ್ತೆ. ಟೇಪನ್ನು ಮಡಚಿ ಗಂಡನ ಜೇಬಿಗೆ ಹಾಕಿದರು. ಆಮೇಲೆ ಮಾತು ಬದಲಿಸಲೆಂದೇ ಮೇಸ್ತ್ರಿಯತ್ತ ತಿರುಗಿದರು. "ಅದಿರಲಿ ಮೇಸ್ತ್ರಿ, ನೀನು ಅವತ್ತು ಮನೆ ಹತ್ರ ನನಗೆ ಹೇಳಿದ್ದು ನಿಜ ತಾನೆ? ಬಾಗಿಲಿಗೆ ಒಂದೇ ಮೆಟ್ಟಿಲು?"

"ಒಂದೇ ಅತ್ತೆ. ಆಣೆಗೂ ಒಂದೇ."

ಮಾವ ತಲೆ ಎತ್ತಿದರು. "ಎರಡು ಅಡಿ ಎತ್ತರಕ್ಕೆ ಒಂದು ಮೆಟ್ಟಿಲಾ? ಹಾರಿ ಹತ್ತಬೇಕಾ?"

"ಅಯ್ಯೋ ಮಾವ, ಆಮೇಲೆ ಅಂಗಳಕ್ಕೆ ಮಣ್ಣು ತುಂಬಿಸಿ ರಸ್ತೆಗೆ ಸಮ ಮಾಡಲ್ವಾ? ಆಗ ಒಂದೇ ಮೆಟ್ಟಿಲು ಉಳಿಯೋದು."

ಹೇಳಿದವನು ತನ್ನ ಮಾತನ್ನು ತಾನೇ ಕೇಳಿಸಿಕೊಂಡ. ನಗು ಅರ್ಧಕ್ಕೇ ನಿಂತಿತು. ಮಾವನಿಗೆ ಎರಡು ಅಡಿ ಎಂದಿದ್ದ, ಅತ್ತೆಗೆ ಒಂದು ಮೆಟ್ಟಿಲು ಎಂದಿದ್ದ. ಯಾವುದೂ ಸುಳ್ಳಲ್ಲ. ಗಂಡ ಹೆಂಡತಿ ತಂತಮ್ಮ ಪಾಲಿನದನ್ನು ಮಡಿಲಲ್ಲಿ ಕಟ್ಟಿಕೊಂಡು ಖುಷಿಯಾಗಿದ್ದರು. ಇಬ್ಬರೂ ಒಟ್ಟಿಗೆ ಸೈಟಿಗೆ ಬಂದದ್ದು ಇವತ್ತೇ ಮೊದಲು.

ಮಾವ ತಾವು ಟೇಪು ಊರಿದ್ದ ಮೂಲೆಗೆ ಹೋಗಿ ನೆಲವನ್ನು ಚಪ್ಪಲಿಯಿಂದ ಕೆದಕಿದರು. ಸುತ್ತಲಿನದಕ್ಕಿಂತ ಅದು ತಗ್ಗು. ಪಾಯದೊಳಗೆ ತುಂಬಲು ಮಣ್ಣು ತೆಗೆದದ್ದು ಅಲ್ಲಿಂದಲೇ. ಎರಡು ಅಡಿ ಅಳೆದದ್ದು ಈ ತಗ್ಗಿನಿಂದ, ರಸ್ತೆಯಿಂದಲ್ಲ. ಹಳ್ಳದಲ್ಲಿ ನಿಂತು ಎತ್ತರ ನೋಡಿದರೆ ಯಾವುದು ತಾನೇ ಎತ್ತರ ಕಾಣುವುದಿಲ್ಲ?

"ಮೇಸ್ತ್ರಿ, ಮೊದಲ ಸಲ ನಿನ್ನ ಪ್ಯಾಂಟಿಗೆ ಅಳತೆ ತಗೊಂಡಾಗ ಏನು ಕೇಳಿದ್ದೆ?"

"ಸೊಂಟ ಎಲ್ಲಿ ಅಂತ ಕೇಳಿದ್ರಿ."

"ನೀನು ಹೊಟ್ಟೆ ಮೇಲೆ ಅಂದೆ. ಮನೆಗೆ ಹೋಗಿ ಹೊಟ್ಟೆ ಕೆಳಗೆ ಹಾಕ್ಕೊಂಡೆ. ಮಾರನೆ ದಿನ ಬಂದು, ಮಾವ, ಪ್ಯಾಂಟು ಬೀದಿ ಗುಡಿಸ್ತಾ ಇದೆ ಅಂತ ಜಗಳ ತೆಗೆದೆ. ಅಳತೆ ತಪ್ಪಿತ್ತೇನಯ್ಯ?"

"ಶುರು ತಪ್ಪಿತ್ತು," ಎಂದ ಮೇಸ್ತ್ರಿ, ತಲೆ ಕೆರೆದುಕೊಳ್ಳುತ್ತ. "ಪೈಪ್ ತರ್ತೀನಿ, ತಡೀರಿ. ಸರಿಯಾಗೇ ನೋಡಿಬಿಡೋಣ."

ಗಾಜಿನಂತೆ ಒಳಗೆ ಕಾಣುವ ಉದ್ದನೆಯ ರಬ್ಬರ್ ಪೈಪು ತಂದು ಅದರಲ್ಲಿ ನೀರು ತುಂಬಿಸಿದ. ಬೆರಳಿನಿಂದ ತಟ್ಟಿ ಗಾಳಿಯ ಗುಳ್ಳೆಗಳನ್ನೆಲ್ಲ ಓಡಿಸಿದ. ಒಂದು ತುದಿಯನ್ನು ತಾನು ಹಲಗೆಗೆ ಹಿಡಿದ, ಇನ್ನೊಂದು ತುದಿಯನ್ನು ಮಾವನ ಕೈಗೆ ಕೊಟ್ಟು ರಸ್ತೆಯ ನಡುವೆ ನಿಲ್ಲಿಸಿದ. ಇಷ್ಟು ದೂರ ಇದ್ದರೂ ಎರಡು ತುದಿಯಲ್ಲಿ ನೀರು ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತದೆ. ಅದಕ್ಕೆ ಯಾರ ಮುಲಾಜೂ ಇಲ್ಲ. ಮಾವ ಉಸಿರು ಬಿಗಿಹಿಡಿದು ನಿಂತರು. ನೀರು ಕುಣಿಯಿತು, ತೂಗಾಡಿತು, ಆಮೇಲೆ ನಿಂತಿತು. ಹಲಗೆಯ ಅಂಚಿನ ಮಟ್ಟ ರಸ್ತೆಯಲ್ಲಿ ಮಾವನ ಮೊಣಕಾಲಿಗೂ ಬರಲಿಲ್ಲ. ರಸ್ತೆಗಿಂತ ಬರೀ ಒಂದು ಗೇಣು ಎತ್ತರ, ಅಷ್ಟೇ. ಅದೂ ಇನ್ನೂ ಟಾರು ಕಾಣದ ಮಣ್ಣಿನ ರಸ್ತೆ.

ಹಿಂದಕ್ಕೆ ಹೋಗಿ ಹಿಡಿದರು. ಅಲ್ಲಿ ಖಾಲಿ ಜಾಗ ಇಳಿಜಾರಾಗಿ ಇವರ ಗೋಡೆಯ ಕಡೆಗೇ ವಾಲಿಕೊಂಡಿತ್ತು. ಅಲ್ಲಿನ ನೆಲಕ್ಕಿಂತ ಹಲಗೆಯ ಅಂಚು ನಾಲ್ಕು ಬೆರಳು ಎತ್ತರ ಇದ್ದರೆ ಹೆಚ್ಚು.

"ಒಂದು ಅಡಿ ಏರಿಸಬೇಕು," ಎಂದ ಮೇಸ್ತ್ರಿ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಹಿಂದಿನ ಮಣ್ಣು ಕೆತ್ತಿ, ನೀರು ಪಕ್ಕಕ್ಕೆ ಹರಿಯೋ ಹಾಗೆ ಚರಂಡಿ ಬಿಡ್ಬೇಕು. ತಪ್ಪು ನಂದು ಮಾವ. ಲಾರಿಗೆ ನಾಳೆ ಬೇಡ ಅಂತೀನಿ."

"ಏರಿಸಿದ್ರೆ ಮೆಟ್ಟಿಲು?"

"ಮೂರಾಗುತ್ತೆ."

ಮಾವ ಹೆಂಡತಿಯ ಕಡೆ ನೋಡಲಿಲ್ಲ. ನೋಡದೆಯೂ ಅವರಿಗೆ ಆ ಎಡ ಮಂಡಿ ಕಾಣುತ್ತಿತ್ತು. ಆಟೋದಿಂದ ಇಳಿಯುವಾಗ ಒಂದು ಗಳಿಗೆ ತಡೆದು ನಿಂತು, ತುಟಿ ಕಚ್ಚಿ, ಆಮೇಲೆ ನೆಲಕ್ಕೆ ಊರಿದ ಕಾಲು. ಅವರು ಪೈಪಿನ ನೀರನ್ನು ಮೆಲ್ಲಗೆ ನೆಲಕ್ಕೆ ಚೆಲ್ಲಿದರು.

"ಬೇಡ ಬಿಡು. ಹೀಗೇ ಇರಲಿ. ಬಾಗಿಲಿಗೆ ಒಂದು ಅಡ್ಡಗಟ್ಟೆ ಕಟ್ಟೋಣ. ಮಳೆ ಏನು ವರ್ಷವಿಡೀ ಬರುತ್ತಾ? ನೀರು ಬಂದ್ರೆ ನಾನು ತೋಡ್ತೀನಿ."

"ನೀವಾ?" ಎಂದರು ಅತ್ತೆ.

"ಯಾಕೆ, ನನಗೆ ಕೈಯಿಲ್ವಾ?"

"ಕೈ ಇದೆ. ಕೂತ್ರೆ ಏಳೋಕೆ ನನ್ನೇ ಕರೀತೀರಿ." ಅತ್ತೆ ಇಟ್ಟಿಗೆ ರಾಶಿ ಹಿಡಿದು ಎದ್ದು ನಿಂತರು. "ನೋಡಿ, ಈ ಮಂಡಿ ಮೆಟ್ಟಿಲು ಹತ್ತಿ ಹೋದದ್ದಲ್ಲ. ನೀರು ತೋಡಿ ಹೋದದ್ದು. ಉಳಿದಿರೋ ಇನ್ನೊಂದನ್ನೂ ಅದಕ್ಕೇ ಕೊಡ್ಲಾ? ಏರಿಸು ಮೇಸ್ತ್ರಿ."

"ಹಾಗಲ್ವೇ, ನಾನು ನಿನಗೆ ಮಾತು..."

"ಎರಡು ಕೊಟ್ಟಿದ್ರಿ. ನನಗೆ ಮೊದಲನೇದು ಸಾಕು."

ಮಾವನಿಗೆ ಸಾಕಾಗಲಿಲ್ಲ. ಗಿರಾಕಿ ಪರವಾಗಿಲ್ಲ ಅಂದ ಮಾತ್ರಕ್ಕೆ ಸೊಟ್ಟ ಕಾಲರ್ ಹಾಗೇ ಕಳಿಸಿದವರಲ್ಲ ಅವರು. ಎರಡು ಸುತ್ತು ಪಾಯವನ್ನು ಸುತ್ತಿ ಬಂದರು. ಆಮೇಲೆ ಮೇಸ್ತ್ರಿಯ ಮುಂದೆ ನಿಂತರು.

"ಮೆಟ್ಟಿಲು ಎಷ್ಟು ಎತ್ತರ ಕಟ್ತೀಯ?"

"ಏಳು ಇಂಚು. ಎಲ್ಲ ಕಡೆ ಅಷ್ಟೇ."

"ಎಲ್ಲರಿಗೂ ಒಂದೇ ಅಳತೇನಾ? ರೆಡಿಮೇಡ್ ಅಂಗಡೀನಾ ಇದು? ಹಲಗೆ ತಾ. ಇವಳ ಕಾಲು ಎಷ್ಟು ಏಳುತ್ತೆ ನೋಡೋಣ."

ಮೇಸ್ತ್ರಿ ಸಮ ನೆಲದಲ್ಲಿ ಹಲಗೆಯ ಮೇಲೆ ಹಲಗೆ ಜೋಡಿಸಿ ಏಳು ಇಂಚು ಮಾಡಿದ. ಅತ್ತೆ ಮಾವನ ಭುಜ ಹಿಡಿದು ಎಡಗಾಲು ಎತ್ತಿದರು. ಹುಬ್ಬು ಗಂಟಾಯಿತು. "ಏನಿಲ್ಲ, ಆಗುತ್ತೆ," ಎಂದರು.

"ಸುಳ್ಳು ಹೇಳ್ಬೇಡ. ಭುಜದ ಮೇಲೆ ನಿನ್ನ ಉಗುರು ಹೇಳ್ತಾ ಇದೆ. ತೆಗಿ ಮೇಸ್ತ್ರಿ ಒಂದು ಹಲಗೆ."

ಒಂದು ತೆಗೆದ. ಅತ್ತೆ ಮತ್ತೆ ಹತ್ತಿದರು. ಇನ್ನೂ ಒಂದು ತೆಗೆದ. ಈ ಸಲ ಕಾಲು ಎದ್ದದ್ದೂ ಗೊತ್ತಾಗಲಿಲ್ಲ, ಊರಿದ್ದೂ ಗೊತ್ತಾಗಲಿಲ್ಲ. ಅತ್ತೆ ಇಳಿದರು, ಕೇಳದೆಯೇ ಇನ್ನೊಮ್ಮೆ ಹತ್ತಿದರು. ಮಾವ ಮೇಸ್ತ್ರಿಯ ಸ್ಟೀಲ್ ಟೇಪು ಇಸಿದುಕೊಂಡು ಹಲಗೆಗೆ ಹಿಡಿದರು.

"ಐದು. ಬರ್ಕೋ. ಮೂರಲ್ಲ, ನಾಲ್ಕು ಮೆಟ್ಟಿಲು. ಅಗಲ ಜಾಸ್ತಿ ಇರಲಿ, ಒಂದೊಂದರ ಮೇಲೂ ಎರಡೂ ಕಾಲು ಊರಿ ನಿಂತು ಉಸಿರು ತಗೊಳ್ಳೋ ಹಾಗೆ. ಎಡಗಡೆ ಹಿಡ್ಕೊಳ್ಳೋಕೆ ಕಂಬಿ."

"ಅಷ್ಟು ಅಗಲ ಕಟ್ಟಿದ್ರೆ ಅರ್ಧ ಅಂಗಳ ಮೆಟ್ಟಿಲಿಗೇ ಹೋಗುತ್ತೆ ಮಾವ."

"ಹೋಗ್ಲಿ. ಅಂಗಳದಲ್ಲಿ ನಾನೇನು ಕುದುರೆ ಓಡಿಸ್ತೀನಾ?"

ಅತ್ತೆ ಮುಖ ತಿರುಗಿಸಿ ಇಟ್ಟಿಗೆ ರಾಶಿಯನ್ನು ನೋಡುತ್ತ ನಿಂತರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಗೋಡೆಯ ಮೇಲೆ ಇನ್ನಷ್ಟು ವರಸೆ ಇಟ್ಟಿಗೆ ಏರಿತು. ಕಾಂಕ್ರೀಟು ಬಿತ್ತು, ಮೇಲೆ ಗೋಡೆ ಬಂತು, ಸೂರು ಬಂತು. ಬಾಗಿಲು ಕಿಟಕಿ ಕೂರಿಸುವ ಮೊದಲೇ ಮಳೆಗಾಲ ಬಂದುಬಿಟ್ಟಿತು. ಮೊದಲ ದೊಡ್ಡ ಮಳೆ ಸುರಿದ ಮಧ್ಯಾಹ್ನ ಅತ್ತೆ ಮಾವ ಒಂದೇ ಕೊಡೆಯಲ್ಲಿ ಅರ್ಧರ್ಧ ನೆನೆದು ಹೊಸ ಮನೆಯ ಮುಂದೆ ಬಂದು ನಿಂತರು. ರಸ್ತೆಯ ತುಂಬ ಕೆಂಪು ನೀರು. ಅದು ಗೇಟಿಗೆ ಬಿಟ್ಟ ಜಾಗ ದಾಟಿ ಬಂದು ಮೊದಲ ಮೆಟ್ಟಿಲಿಗೆ ತಾಗಿ, ಯಾರೂ ಒಳಗೆ ಕರೆಯದ ನೆಂಟನ ಹಾಗೆ ಅಲ್ಲೇ ಸುಳಿದಾಡುತ್ತಿತ್ತು. ಹಿಂದಿನಿಂದ ಬಂದ ನೀರು ಚರಂಡಿ ಹಿಡಿದು ಗೋಡೆಯ ಪಕ್ಕದಲ್ಲೇ ಸರಸರನೆ ಹರಿದುಹೋಗುತ್ತಿತ್ತು.

ಅತ್ತೆ ಕಂಬಿ ಹಿಡಿದು ಹತ್ತಿದರು. ಪ್ರತಿ ಮೆಟ್ಟಿಲ ಮೇಲೂ ಎರಡೂ ಕಾಲು ಊರಿ, ನಿಂತು, ಮುಂದಿನದು. ಮಾವ ಹಿಂದೆಯೇ ಕೈ ಚಾಚಿಕೊಂಡು ಬಂದರು. ಆ ಕೈ ಎಲ್ಲೂ ಬೇಕಾಗಲಿಲ್ಲ.

ಒಳಗೆ ಬರೀ ಸಿಮೆಂಟಿನ ವಾಸನೆ. ಅತ್ತೆ ಕೋಣೆ ಕೋಣೆಗೂ ಹೋಗಿ, ಮೂಲೆ ಮೂಲೆಯಲ್ಲಿ ಬಾಗಿ ಅಂಗೈಯಿಂದ ನೆಲ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ನಡುಮನೆಯಲ್ಲಿ ಗೋಡೆಗೆ ಒರಗಿ, ಎಡಗಾಲು ಉದ್ದಕ್ಕೆ ಚಾಚಿ ನೆಲದ ಮೇಲೇ ಕೂತುಬಿಟ್ಟರು.

ಮಾವನಿಗೆ ಹಳೆಯ ಮನೆಯ ಚಿಂತೆ. "ಅಲ್ಲಿ ಇಷ್ಟು ಹೊತ್ತಿಗೆ ನೀರು ನುಗ್ಗಿರುತ್ತೆ. ಹೋಗೋಣ ಏಳು, ತೋಡಬೇಕು."

"ಬಟ್ಟೆ ಎಲ್ಲ ಮೇಜಿನ ಮೇಲೆ ಇಟ್ಟು ಬಂದಿದೀನಿ," ಎಂದರು ಅತ್ತೆ. ಕಣ್ಣು ಮುಚ್ಚಿಕೊಂಡಿದ್ದರು. "ನೀರು ಒಂದು ದಿನ ಅದರ ಪಾಡಿಗೆ ಇರಲಿ. ಬನ್ನಿ, ಕೂತ್ಕೊಳ್ಳಿ. ನೆಲ ಬೆಚ್ಚಗಿದೆ."

ಮಾವ ಕೊಡೆ ಮಡಚಿ ಹೊರಗಿಟ್ಟು ಬಂದು ಪಕ್ಕದಲ್ಲಿ ಕೂತರು.